ಕರುಳಿನ ನೆರಳು

ಹೆತ್ತ ಕರುಳಿಗೆ ಮಗುವಿನ ನೋವು ತಿಳಿಯುತ್ತದೆ ಎನ್ನುತ್ತೇವೆ. ಆದರೆ ಮಗುವಿನ ಕರುಳಿಗೇ ನೋವು ಬಂದರೆ ಅದನ್ನು ಕಾಣುವ ಕಣ್ಣು ವೈದ್ಯರಿಗೆ ಬಹುಕಾಲ ಇರಲಿಲ್ಲ.

1895ರಲ್ಲಿ ಜರ್ಮನಿಯ ರಂಟ್ಜನ್ ಕ್ಷ-ಕಿರಣವನ್ನು ಕಂಡುಹಿಡಿದನು. ಎಲುಬು ಕಂಡಿತು, ಮೆತ್ತನೆಯ ಕರುಳು ಕಾಣಲಿಲ್ಲ. ಕಿರಣವನ್ನು ತಡೆಯುವ ವಸ್ತುವನ್ನು ಕುಡಿಸಿದರೆ, ಅದು ಹರಿದ ದಾರಿಯೇ ಚಿತ್ರವಾಗಿ ಮೂಡುವುದೆಂಬ ಉಪಾಯ ಆಮೇಲೆ ಹೊಳೆಯಿತು. ಮೊದಲು ಬಿಸ್ಮತ್, 1910ರಿಂದೀಚೆಗೆ ಬೇರಿಯಂ ಸಲ್ಫೇಟ್ ಈ ಕೆಲಸಕ್ಕೆ ಬಂದವು.

1913ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಡಾಲ್ಜೀಲ್, ಕ್ಷಯವನ್ನು ಹೋಲುವ ಆದರೆ ಕ್ಷಯವಲ್ಲದ ಕರುಳಿನ ಉರಿಯೂತವನ್ನು ವರ್ಣಿಸಿದನು. 1932ರಲ್ಲಿ ನ್ಯೂಯಾರ್ಕಿನ ಕ್ರೋನ್ ಮತ್ತು ಆತನ ಇಬ್ಬರು ಸಹೋದ್ಯೋಗಿಗಳು 14 ರೋಗಿಗಳ ವೃತ್ತಾಂತ ಪ್ರಕಟಿಸಿದರು. ರೋಗಕ್ಕೆ ಕ್ರೋನನ ಹೆಸರೇ ನಿಂತಿತು. ಬೇರಿಯಂ ಚಿತ್ರದಲ್ಲಿ ಸಣ್ಣ ಕರುಳಿನ ತುದಿ ನೂಲಿನೆಳೆಯಂತೆ ಕಿರಿದಾಗಿ ಕಾಣುವುದನ್ನು 1934ರಲ್ಲಿ ಕ್ಯಾಂಟರ್ ಎಂಬಾತ ತೋರಿಸಿಕೊಟ್ಟನು.

ನಮ್ಮ ನಾಡಿನಲ್ಲಿ ಈ ವಿವೇಚನೆ ಇನ್ನೂ ಕಠಿಣ. ಕರುಳಿನ ಕ್ಷಯವೂ ಕ್ರೋನ್ ರೋಗವೂ ಹೆಚ್ಚಾಗಿ ಮನೆಮಾಡುವುದು ಒಂದೇ ಜಾಗದಲ್ಲಿ—ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಎಡೆಯಲ್ಲಿ. ಚಿತ್ರ ಮಾತ್ರದಿಂದ ತೀರ್ಪು ಸಾಲದು. ಅಂಗಾಂಶದ ಪರೀಕ್ಷೆಯೂ ಬೇಕು. ಒಂದರ ಮದ್ದು ಇನ್ನೊಂದಕ್ಕೆ ಕೇಡು: ಉರಿಯೂತ ತಗ್ಗಿಸುವ ಔಷಧಿಯಿಂದ ಕ್ಷಯ ಉಲ್ಬಣಿಸಬಹುದು. ಅದರ ಮೇಲೆ, ಮಕ್ಕಳಲ್ಲಿ ಕೆಲವೊಮ್ಮೆ ಹೊಟ್ಟೆನೋವಿಗಿಂತ ಮುಂಚೆ ಬೆಳವಣಿಗೆಯೇ ಕುಂಠಿತವಾಗುತ್ತದೆ. ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಬಡಕಲಾದ ಮಗುವನ್ನು ಕಂಡು ಜಂತುಹುಳುವೆಂದು ತಿಳಿದು ಸುಮ್ಮನಾಗುವುದು ಸುಲಭ.

1971ರಲ್ಲಿ ರೋಗಿಗಳ ಮೇಲೆ ಮೊದಲು ಪ್ರಯೋಗವಾದ ಸಿ.ಟಿ. ಯಂತ್ರ ಕರುಳಿನ ಗೋಡೆಯನ್ನೂ ಸುತ್ತಲಿನ ಕೀವನ್ನೂ ತೋರುವಷ್ಟು ಮುಂದೆ ಬೆಳೆಯಿತು. ಆದರೆ ಇದು ಬಾಳಿನುದ್ದಕ್ಕೂ ಜೊತೆಗಿರುವ ರೋಗ. ಚಿತ್ರ ಒಂದು ಸಲಕ್ಕೆ ಮುಗಿಯುವುದಿಲ್ಲ. ಬೆಳೆಯುವ ದೇಹಕ್ಕೆ ಕಿರಣದ ಅಪಾಯ ದೊಡ್ಡವರಿಗಿಂತ ಹೆಚ್ಚು. ಆದುದರಿಂದ ವೈದ್ಯರು ಕಿರಣವಿಲ್ಲದ ದಾರಿಗಳತ್ತ ಹೊರಳಿದರು.

ಅಂಥ ಒಂದು ದಾರಿ ಅದೇ ಗ್ಲಾಸ್ಗೋದಿಂದ ಬಂದಿತು. 1958ರಲ್ಲಿ ಅಲ್ಲಿಯ ಇಯಾನ್ ಡೊನಾಲ್ಡ್ ಶಬ್ದಾತೀತ ತರಂಗಗಳಿಂದ ಹೊಟ್ಟೆಯೊಳಗಿನ ಚಿತ್ರ ಪಡೆದ ಬಗೆಯನ್ನು ಪ್ರಕಟಿಸಿದನು. ಇಂದು ಅದೇ ವಿಧಾನದಿಂದ ಕರುಳಿನ ಗೋಡೆಯನ್ನು ಅಳೆಯುತ್ತಾರೆ. ದಪ್ಪ 3 ಮಿಲಿಮೀಟರು ಮೀರಿದರೆ ಅನುಮಾನಕ್ಕೆ ಎಡೆಯುಂಟು. ಇನ್ನೊಂದು, 1973ರಲ್ಲಿ ಲಾಟರ್ಬರ್ ತೋರಿಸಿದ ಕಾಂತೀಯ ಚಿತ್ರಣ, ಅಂದರೆ ಎಂ.ಆರ್.ಐ. ಮಕ್ಕಳ ಸಣ್ಣ ಕರುಳನ್ನು ನೋಡಲು ಅದೇ ಮೇಲೆಂದು 2014ರಲ್ಲಿ ಯೂರೋಪಿನ ಮಕ್ಕಳ ತಜ್ಞರು ಅಭಿಪ್ರಾಯಪಟ್ಟರು. ಅದಕ್ಕೆ ಮಗು ಅಲುಗಾಡದೆ ಬಹಳ ಹೊತ್ತು ಮಲಗಬೇಕು. ಚಿಕ್ಕವರಿಗೆ ಮಂಪರಿನ ಔಷಧಿ ಬೇಕಾಗುವುದೂ ಉಂಟು.

ಯಂತ್ರಗಳು ಹೀಗೆ ಸುಧಾರಿಸಿದವು. ಆದರೆ ಮಗು ಅವುಗಳ ಬಳಿಗೆ ತಲುಪುವುದು, ವರ್ಷ ಕಳೆದರೂ ಅದರ ಎತ್ತರ ಏರಲಿಲ್ಲವೆಂಬುದನ್ನು ಮನೆಯವರೋ ಶಾಲೆಯವರೋ ಗಮನಿಸಿದಾಗಲೇ. ಆ ಅಳತೆಗೆ ಗೋಡೆಯ ಮೇಲೊಂದು ಗೆರೆ ಸಾಕು.