ಅವಳಿಲ್ಲದ ವ್ಯಾಕರಣ: ನಾಗಪುರದ ಗೊಂಡಿಯಿಂದ ಕಾಸರಗೋಡಿನ ಹವ್ಯಕದವರೆಗೆ

ಸ್ಕಾಟ್ಲೆಂಡಿನ ಪಾದ್ರಿ ಸ್ಟೀಫನ್ ಹಿಸ್ಲಾಪ್ 1845ರಲ್ಲಿ ನಾಗಪುರಕ್ಕೆ ಬಂದಾಗ ಅಲ್ಲಿ ಭೋಂಸ್ಲೆಯವರ ಆಳ್ವಿಕೆ, ಪೇಟೆಯಲ್ಲಿ ಮರಾಠಿ. ಆದರೆ ಆ ಊರಿಗೆ ಅಸ್ತಿವಾರ ಹಾಕಿದವನು 18ನೇ ಶತಮಾನದ ಆರಂಭದಲ್ಲಿದ್ದ ದೇವಗಡದ ಗೊಂಡ ಅರಸ ಬಖ್ತ್ ಬುಲಂದ್ ಷಾ. ಹಿಸ್ಲಾಪ್ ಶಾಲೆ ತೆರೆದ, ಬಂಡೆಗಳಲ್ಲಿ ಪಳೆಯುಳಿಕೆ ಹುಡುಕಿದ. ಗೊಂಡರ ಹಾಡುಗಾರರಾದ ಪರ್ಧಾನರ ಬಾಯಿಂದ ಲಿಂಗೋ ಎಂಬ ಮೂಲಪುರುಷನ ಕಥನಗೀತೆಯನ್ನು ಬರೆದುಕೊಂಡ, ಸುತ್ತಲಿನ ಬುಡಕಟ್ಟುಗಳ ಪದಪಟ್ಟಿ ಸಿದ್ಧಪಡಿಸಿದ. 1863ರ ಸೆಪ್ಟೆಂಬರ್‌ನಲ್ಲಿ ಟಾಕಳಘಾಟಿನ ಶಿಲಾವೃತ್ತಗಳನ್ನು ನೋಡಲು ಹೋದವನು ಮರಳುವ ದಾರಿಯಲ್ಲಿ ತುಂಬಿದ ಹೊಳೆಗೆ ಸಿಕ್ಕಿ ತೀರಿಕೊಂಡ. ಉಳಿದ ಕಾಗದಗಳನ್ನು ಮಧ್ಯಪ್ರಾಂತದ ಆಡಳಿತಾಧಿಕಾರಿ ರಿಚರ್ಡ್ ಟೆಂಪಲ್ ಸಂಪಾದಿಸಿ 1866ರಲ್ಲಿ ಪ್ರಕಟಿಸಿದ. ಅದಕ್ಕೆ ಹತ್ತು ವರ್ಷ ಮೊದಲೇ ಭಾಷಾವಿದ್ವಾಂಸ ಕಾಲ್ಡ್‌ವೆಲ್ ತನ್ನ ತೌಲನಿಕ ವ್ಯಾಕರಣದಲ್ಲಿ ಗೊಂಡರ ಮಾತಾದ ಗೊಂಡಿಯನ್ನು ದ್ರಾವಿಡ ಭಾಷೆಗಳ ಸಾಲಿಗೆ ಸೇರಿಸಿದ್ದ.

ಆ ನಂಟು ಕನ್ನಡಿಗರ ಕಿವಿಗೆ ತಾನಾಗಿಯೇ ಕೇಳುತ್ತದೆ. ಉಂದಿ, ರಂಡ್, ಮುಂಡ್, ನಾಲುಂಗ್ ಎಂದು ಗೊಂಡಿಯಲ್ಲಿ ಎಣಿಸಿದರೆ ಅರ್ಥ ಹೇಳಿಕೊಡಬೇಕಾಗಿಲ್ಲ. ಸರ್ವನಾಮಕ್ಕೆ ಬಂದಾಗ ಮಾತ್ರ ನಾವು ತಡೆಯುತ್ತೇವೆ. ಗೊಂಡಿಯಲ್ಲಿ ಗಂಡಸು ‘ಓರ್’. ಹೆಂಗಸು, ಹಸು, ಮರ, ಮಳೆ ಎಲ್ಲವೂ ‘ಅದ್’. ‘ಅವಳು’ ಎಂಬ ಸ್ಥಾನವೇ ಅಲ್ಲಿಲ್ಲ. ಬಹುವಚನದಲ್ಲೂ ಅದೇ ಗೆರೆ: ಗಂಡಸರು ‘ಓರ್ಕ್’, ಉಳಿದದ್ದೆಲ್ಲ ‘ಅವ್’. ಕನ್ನಡದಲ್ಲಾದರೋ ಏಕವಚನಕ್ಕೆ ಅವನು, ಅವಳು, ಅದು ಎಂಬ ಮೂರು ಮನೆಗಳಿದ್ದು, ಬಹುವಚನಕ್ಕೆ ಬರುವಾಗ ಆ ಮೂರೂ ‘ಅವರು’, ‘ಅವು’ ಎಂದು ಎರಡಾಗುತ್ತವೆ. ನಡುವೆ ನಿಂತ ತೆಲುಗು ಏಕವಚನದಲ್ಲಿ ಗೊಂಡಿಯಂತೆ, ಬಹುವಚನದಲ್ಲಿ ನಮ್ಮಂತೆ.

ಇಷ್ಟು ಗೊತ್ತಾದೊಡನೆ ಒಂದು ತೀರ್ಮಾನ ನಾಲಿಗೆಯ ತುದಿಗೆ ಬರುತ್ತದೆ: ಹೆಣ್ಣನ್ನು ವಸ್ತುವಿನ ಜೊತೆ ಕೂಡಿಸುವ ಭಾಷೆಯವರು ಹೆಣ್ಣನ್ನು ವಸ್ತುವೆಂದೇ ಎಣಿಸುತ್ತಾರೆ. ಭಾಷೆಯ ವಿಂಗಡಣೆಯೇ ಮನಸ್ಸಿನ ವಿಂಗಡಣೆ ಎಂಬ ಈ ನಂಬಿಕೆಗೆ 20ನೇ ಶತಮಾನದಲ್ಲಿ ಬೆಂಜಮಿನ್ ವೋರ್ಫ್ ಹೆಸರು ಅಂಟಿಕೊಂಡಿತು. 1970ರ ದಶಕದಲ್ಲಿ ಮನೋವಿಜ್ಞಾನಿ ಎಲೀನರ್ ರಾಶ್ ಅದನ್ನು ಪರೀಕ್ಷೆಗೊಡ್ಡಿದರು. ನ್ಯೂಗಿನಿಯ ದಾನಿ ಜನರ ಮಾತಿನಲ್ಲಿ ಬಣ್ಣಕ್ಕೆ ಇದ್ದ ಮೂಲಪದಗಳು ಎರಡೇ, ಆದರೂ ಅಚ್ಚ ಕೆಂಪಿನಂಥ ಬಣ್ಣಗಳನ್ನು ಅವರು ಉಳಿದವಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡರು. ಆ ಫಲಿತಾಂಶದ ಬಗ್ಗೆ ನಂತರ ತಕರಾರು ಎದ್ದಿತು; ಚರ್ಚೆ ನಿಂತಿಲ್ಲ. ಲಿಂಗದ ವಿಷಯದಲ್ಲಿ ಹೆಚ್ಚು ಪ್ರಚಾರ ಪಡೆದದ್ದು 2003ರಲ್ಲಿ ಲೆರಾ ಬೊರೊಡಿಟ್ಸ್ಕಿ ಮತ್ತು ಸಂಗಡಿಗರು ವರದಿ ಮಾಡಿದ ಪ್ರಯೋಗ. ಸೇತುವೆ ಜರ್ಮನ್‌ನಲ್ಲಿ ಸ್ತ್ರೀಲಿಂಗ, ಸ್ಪ್ಯಾನಿಶ್‌ನಲ್ಲಿ ಪುಲ್ಲಿಂಗ. ಅದನ್ನು ಬಣ್ಣಿಸುವಾಗ ಆಯಾ ಭಾಷಿಕರು ಆಯಾ ಲಿಂಗಕ್ಕೊಪ್ಪುವ ವಿಶೇಷಣಗಳನ್ನು ಆರಿಸಿದರೆಂಬುದು ಅವರ ವಾದ. 2014ರಲ್ಲಿ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲ ಕಾಣಿಸಲಿಲ್ಲ. ಸಂಸ್ಕೃತ ಓದಿದವರಿಗೆ ಇದು ಅಚ್ಚರಿಯಲ್ಲ. ಹೆಂಡತಿ ಎಂಬ ಅರ್ಥದ ‘ಪತ್ನೀ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಳತ್ರ’ ನಪುಂಸಕ. ಪದ ಬದಲಾಯಿಸಿದ್ದಕ್ಕೆ ಹೆಂಡತಿ ಬದಲಾದಳೆಂದು ಯಾವ ಪಂಡಿತನೂ ಹೇಳಿಲ್ಲ.

ಆದರೆ ಸಂಸ್ಕೃತದ ಉದಾಹರಣೆ ಗೊಂಡಿಗೆ ಪೂರ್ತಿ ಸಲ್ಲದು. ಅಲ್ಲಿ ಲಿಂಗ ಶಬ್ದಕ್ಕೆ ಅಂಟಿದ್ದು; ದ್ರಾವಿಡದಲ್ಲಿ ಅದು ಬಹುಮಟ್ಟಿಗೆ ಅರ್ಥವನ್ನು ನೋಡಿ ಬರುತ್ತದೆ. ತಮಿಳಿನ ಹಳೆಯ ವ್ಯಾಕರಣ ತೊಲ್ಕಾಪ್ಪಿಯಂ ನಾಮಪದಗಳನ್ನು ಉಯರ್‌ತಿಣೈ (ಮನುಷ್ಯವರ್ಗ), ಅಃರಿಣೈ (ಉಳಿದದ್ದು) ಎಂದು ವಿಂಗಡಿಸಿದ್ದು ಲೋಕದಲ್ಲಿರುವವರನ್ನು ನೋಡಿಯೇ. ಅರ್ಥವೇ ಆಧಾರವಾಗಿದ್ದೂ ‘ಅದ್’ನಲ್ಲಿ ಹೆಣ್ಣು ಸೇರಿದ್ದರೆ, ಹೆಣ್ಣನ್ನು ವಸ್ತುವೆಂದೇ ಎಣಿಸುತ್ತಾರೆಂಬ ಆಕ್ಷೇಪಕ್ಕೆ ಬಲ ಬರುತ್ತದೆ. ಅದಕ್ಕೆ ತಕ್ಕ ಉತ್ತರ ಸಿಗುವುದು ಪ್ರಯೋಗಾಲಯದಲ್ಲಲ್ಲ, ನಾಗಪುರದ ನೆರೆಯ ವರ್ಧಾದಲ್ಲಿ.

ಕೊಲಾಮಿ ಎಂಬುದು ವರ್ಧಾ, ಯವತ್ಮಾಳ ಮತ್ತು ತೆಲಂಗಾಣದ ಆದಿಲಾಬಾದಿನ ಕೊಲಾಮರ ಮಾತು. ಭಾಷಾವಿಜ್ಞಾನಿ ಮರ್ರೆ ಎಮೆನೊ ಅದನ್ನು 1930ರ ದಶಕದ ಕೊನೆಯಲ್ಲಿ ವರ್ಧಾ ಕಡೆ ಕೇಳಿ ದಾಖಲಿಸಿ, 1955ರಲ್ಲಿ ಪುಸ್ತಕವಾಗಿ ತಂದರು. ಸರ್ವನಾಮದಲ್ಲಿ ಕೊಲಾಮಿ ಗೊಂಡಿಯ ಹಾದಿಯನ್ನೇ ಹಿಡಿದಿದೆ: ಒಂದು ಕಡೆ ಗಂಡಸು, ಇನ್ನೊಂದು ಕಡೆ ಮಿಕ್ಕದ್ದು. ಎಣಿಕೆಗೆ ಹೋದರೆ ಚಿತ್ರವೇ ಬೇರೆ. ಗಂಡಸರಿಬ್ಬರು ‘ಇದ್ದರ್’, ಹೆಂಗಸರಿಬ್ಬರು ‘ಈರಲ್’, ವಸ್ತುಗಳೆರಡು ‘ಇಂದಿಂಗ್’. ಅಂದರೆ ಸರ್ವನಾಮ ಬೆರೆಸಿದ್ದನ್ನು ಸಂಖ್ಯಾಪದ ಬಿಡಿಸಿಟ್ಟಿದೆ, ಅದೂ ಒಬ್ಬನೇ ಮಾತುಗಾರನ ಒಂದೇ ವಾಕ್ಯದೊಳಗೆ. ನಮ್ಮ ಕನ್ನಡದ್ದು ಇದಕ್ಕೆ ತಿರುಗುಮುರುಗು. ಒಬ್ಬ, ಒಬ್ಬಳು, ಒಂದು ಎಂದು ಮೂರಾಗಿ ಹೊರಟವರು ಎರಡಕ್ಕೆ ಬಂದಾಗ ಇಬ್ಬರು, ಎರಡು ಎಂದಷ್ಟೇ ಹೇಳಿ ಗಂಡುಹೆಣ್ಣಿನ ಭೇದ ಬಿಡುತ್ತೇವೆ. ಹೆಣ್ಣುಗಳು ಇಬ್ಬರಾದೊಡನೆ ಕನ್ನಡಿಗನ ಮನಸ್ಸಿನಲ್ಲಿ ಹೆಣ್ತನ ಅಳಿಸಿಹೋಗುತ್ತದೆಯೇ? ಇದನ್ನು ಯಾರೂ ಒಪ್ಪುವುದಿಲ್ಲ. ಹಾಗಿದ್ದರೆ ಗೊಂಡಿಯ ‘ಅದ್’ ಕೇಳಿ ಗೊಂಡರ ಮನಸ್ಸನ್ನು ಅಳೆಯಲು ನಮಗೇನು ಅಧಿಕಾರ?

ಮನಸ್ಸಿನಲ್ಲಿರುವ ವರ್ಗಗಳಿಗಿಂತ ವ್ಯಾಕರಣದ ವರ್ಗಗಳು ಕಡಿಮೆ. ಭಾಷೆ ತನಗೆ ಬೇಕಾದಷ್ಟನ್ನೇ, ಬೇಕಾದ ಜಾಗದಲ್ಲಿ ಮಾತ್ರ ಎತ್ತಿಕೊಳ್ಳುತ್ತದೆ. ಮನೋಭಾಷಾವಿಜ್ಞಾನಿ ಡಾನ್ ಸ್ಲೋಬಿನ್ ಹೇಳಿದ್ದು ಇದಕ್ಕೆ ಹತ್ತಿರ: ಭಾಷೆ ನಮ್ಮ ಯೋಚನೆಯನ್ನೆಲ್ಲ ಆಳುವುದಿಲ್ಲ, ಬಾಯಿ ತೆರೆಯುವ ಹೊತ್ತಿನಲ್ಲಿ ಯಾವುದನ್ನು ಗಮನಿಸಲೇಬೇಕೆಂದು ಗೊತ್ತುಮಾಡುತ್ತದೆ. ಕನ್ನಡಿಗನು ‘ಬಂದ’ ಎನ್ನಬೇಕೋ ‘ಬಂದಳು’ ಎನ್ನಬೇಕೋ ಎಂದು ಕ್ರಿಯಾಪದದ ತುದಿ ಮುಟ್ಟುವ ಮೊದಲು ನಿರ್ಧರಿಸಲೇಬೇಕು. ಕತ್ತಲಲ್ಲಿ ಬಾಗಿಲು ಬಡಿದವರು ಗಂಡೋ ಹೆಣ್ಣೋ ತಿಳಿಯದಾಗ ‘ಯಾರೋ ಬಂದರು’ ಎಂದು ಬಹುವಚನಕ್ಕೆ ಜಾರಿಕೊಳ್ಳುವುದೂ ಒಂದು ನಿರ್ಧಾರವೇ.

ಗೊಂಡಿಯದು, ಕನ್ನಡದ್ದು, ಈ ಎರಡು ಲಿಂಗಕ್ರಮಗಳಲ್ಲಿ ಯಾವುದು ಹಳೆಯದು? 1975ರಲ್ಲಿ ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿಯವರು ಮೂಲದ್ರಾವಿಡದ ಲಿಂಗ-ವಚನಗಳನ್ನು ಪರಿಶೀಲಿಸಿ ಗೊಂಡಿ-ಕೊಲಾಮಿ ಮಾದರಿಯೇ ಮೂಲದ್ದೆಂದು ವಾದಿಸಿದರು. ಆ ಪ್ರಕಾರ ‘ಅವಳ್’ ತಮಿಳು-ಕನ್ನಡಗಳ ಕವಲಿನಲ್ಲಿ ಹೊಸದಾಗಿ ಹುಟ್ಟಿದ ರೂಪ. ಎಲ್ಲ ವಿದ್ವಾಂಸರೂ ಇದಕ್ಕೆ ತಲೆದೂಗಿಲ್ಲ, ಆದರೆ ನನಗೆ ಈ ವಾದ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ನಮ್ಮ ‘ಮಗಳು’ ಪದದ ಸೋದರ ರೂಪ ಗೊಂಡಿಯಲ್ಲೂ ಇದೆ. ಮಗಳನ್ನು ಮಗನಿಂದ ಬೇರೆಯಾಗಿ ಕರೆಯಲು ಪದ ಇದ್ದೂ ಸರ್ವನಾಮ ಇಲ್ಲದ ಸ್ಥಿತಿ ಹಳೆಯದಾಗಿದ್ದು, ಸರ್ವನಾಮ ಆಮೇಲೆ ಬಂದಿತೆಂಬುದು ಸಹಜವಾಗಿದೆ.

ಹಾಗಾದರೆ ಕಾಸರಗೋಡು, ಪುತ್ತೂರು, ಸುಳ್ಯಗಳ ಹವ್ಯಕರ ಮಾತಿನ ಸಂಗತಿ ಏನು? ಅಲ್ಲಿ ‘ಮಾಣಿ ಬಂದ’, ‘ಕೂಸು ಬಂತು’. ಮಾಣಿ ಹುಡುಗ, ಕೂಸು ಹುಡುಗಿ. ಅಬ್ಬೆಯೂ ಅಕ್ಕನೂ ‘ಅದು’. ಮೇಲ್ನೋಟಕ್ಕೆ ನಾಗಪುರದ ಗೊಂಡಿ ಕ್ರಮವೇ ಘಟ್ಟದ ಕೆಳಗೆ ಉಳಿದುಬಂದಂತಿದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಮೂಲದ್ರಾವಿಡದ ಪಳೆಯುಳಿಕೆ ಎನ್ನುವಂತಿಲ್ಲ, ಏಕೆಂದರೆ ಹಳಗನ್ನಡದಲ್ಲಿ ‘ಅವಳ್’ ನೆಲೆಯೂರಿತ್ತು, ಹವ್ಯಕ ಅದೇ ಕನ್ನಡದ ಕವಲು. ಇದ್ದ ಭೇದವೊಂದು ಬಿಟ್ಟುಹೋಗಿದೆ ಎನ್ನುವುದೇ ಸರಿ. ನೆರೆಯ ಕೊಂಕಣಿಯಲ್ಲೂ ಎಳೆಯ ಹೆಣ್ಣುಮಕ್ಕಳಿಗೆ ನಪುಂಸಕಲಿಂಗ ಬಳಸುವುದುಂಟು. ಪ್ರಭಾವ ಯಾರಿಂದ ಯಾರಿಗೆ ಎಂಬ ಪ್ರಶ್ನೆಯನ್ನು ಬೇರೆಯಾಗಿಯೇ ಬಿಡಿಸಬೇಕು.

ಹವ್ಯಕದಲ್ಲಿ ಇನ್ನೂ ಸ್ವಾರಸ್ಯವಾದದ್ದು ಗೌರವದ ರೂಪ. ಹಿರಿಯರ ಬಗ್ಗೆ ಹೇಳುವಾಗ ‘ಮಾವ ಬಂದವು’ ಎನ್ನುತ್ತಾರೆ. ಧಾರವಾಡದವರ ಕಿವಿಗೆ ಅದು ದನಗಳು ಬಂದ ಹಾಗೆ ಕೇಳಿಸೀತು. ಕಾಸರಗೋಡಿನ ಮನೆಯಲ್ಲಿ ಆ ‘ಅವು’ ಕೇಳಿದ ಮಕ್ಕಳು ಎದ್ದು ನಿಲ್ಲುತ್ತಾರೆ. ಗೊಂಡಿಯ ‘ಅವ್’ ಹೆಣ್ಣನ್ನೂ ಹಸುವನ್ನೂ ಒಟ್ಟಿಗೆ ಹೇಳಿದರೆ, ಹವ್ಯಕದ ‘ಅವು’ ಮನೆಯ ಹಿರಿಯನನ್ನೇ ಹೇಳುತ್ತದೆ.

2011ರ ಜನಗಣತಿಯಲ್ಲಿ ಗೊಂಡಿಯನ್ನು ತಾಯ್ನುಡಿ ಎಂದವರು ಸುಮಾರು 29.8 ಲಕ್ಷ. ನಾಗಪುರದ ಸುತ್ತಿನ ಗೊಂಡ ಮಕ್ಕಳು ಶಾಲೆಗೆ ಹೋದರೆ ಮರಾಠಿಯ ಮೂರು ಲಿಂಗ, ಪೇಟೆಗೆ ಹೋದರೆ ಹಿಂದಿಯ ಎರಡು. ಅಲ್ಲಿ ಕುರ್ಚಿಗೂ ನದಿಗೂ ಲಿಂಗ ಕಟ್ಟಿದೆ, ಅದನ್ನು ಅರ್ಥ ನೋಡಿ ಊಹಿಸಲಾಗದು, ಬಾಯಿಪಾಠವೇ ಗತಿ. ಮನೆಯಲ್ಲಿ ಗೊಂಡಿ ಉಳಿದಿರುವ ಮಗು ಈ ಮೂರು ಲೆಕ್ಕಗಳ ನಡುವೆ ಯಾವ ಪದದ ಬಳಿ ತಡೆಯುತ್ತದೆ, ಯಾವುದರ ಬಳಿ ತಡೆಯದು ಎಂಬುದನ್ನು ತರಗತಿಯಲ್ಲಿ ಕುಳಿತು ಗುರುತು ಹಾಕಿಕೊಂಡರೆ, ಸೇತುವೆಗೆ ವಿಶೇಷಣ ಕೇಳುವ ಪ್ರಯೋಗಕ್ಕಿಂತ ಹೆಚ್ಚು ವಿಷಯ ಸಿಕ್ಕೀತು.