ನಂದಗಡದ ತೊಟ್ಟಿಲು

ಬೆಳಗಾವಿಯಿಂದ ಖಾನಾಪುರ ದಾಟಿ ಹೋದರೆ ನಂದಗಡ ಸಿಗುತ್ತೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಅವನ ಸಮಾಧಿ ಮೇಲೆ ದೊಡ್ಡ ಆಲದ ಮರ ಇದೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ಇಬ್ಬರು ಅಕ್ಕಂದಿರ ಮೇಲೆ ನಾನು ಹುಟ್ಟಿದಾಗ ನಮ್ಮ ಆಯಿನೂ ಕಟ್ಟಿದ್ದಳು.

"ಅಕ್ಕಗೋಳು ಹುಟ್ಟಿದಾಗ ಯಾಕ ಕಟ್ಟಲಿಲ್ಲ ಆಯಿ?" ಅಂತ ಕೇಳಿದ್ದೆ.

"ಅವು ಬೇಡದನ ಬಂದಾವಲ್ಲೋ" ಅಂದಳು.

ಈ ಮಾತಿನ ಬೇರು ಎಲ್ಲಿದೆ? ಕಿತ್ತೂರಿನ ಇತಿಹಾಸವನ್ನೇ ನೋಡಿ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಯುದ್ಧ ನಡೆಸಿದ್ದು ಬೆಳಗಾವಿ ಪಕ್ಕದ ಕಾಕತಿಯ ಮಗಳು ಚೆನ್ನಮ್ಮ. ಆಳಲು ಬರುತ್ತಿತ್ತು, ಕಾದಾಡಲು ಬರುತ್ತಿತ್ತು. ಆದರೂ ಸಿಂಹಾಸನಕ್ಕೆ ಒಬ್ಬ ಹುಡುಗ ಬೇಕೇ ಬೇಕಿತ್ತು! ರಾಯಣ್ಣ ಆಮೇಲೆ ಹೋರಾಡಿದ್ದೂ ಅದೇ ದತ್ತುಮಗನಿಗಾಗಿ.

ಅರಮನೆಗೆ ಸಿಂಹಾಸನ, ನಮ್ಮಂಥವರಿಗೆ ಹೊಲ. ಲೆಕ್ಕ ಒಂದೇ. ಹೊಲ ಗಂಡಿಗೆ ಹೋಗುತ್ತೆ, ಮಗಳು ಗಂಡನ ಮನೆಗೆ ಹೋಗುತ್ತಾಳೆ. ಮುಪ್ಪಿನಲ್ಲಿ ಅನ್ನ ಹಾಕುವವನು, ಚಿತೆಗೆ ಕೊಳ್ಳಿ ಇಡುವವನು ಮಗ. ಮೇಲೆ ವರದಕ್ಷಿಣೆ. ಇದು ಬರೀ ಮೂಢನಂಬಿಕೆ ಅಲ್ಲ ಸ್ವಾಮಿ, ಪೆನ್ಷನ್ ಇಲ್ಲದವರ ಪೆನ್ಷನ್ ಯೋಜನೆ.

ಈ ಹಳೇ ಲೆಕ್ಕಕ್ಕೆ ಸ್ಕ್ಯಾನಿಂಗ್ ಮೆಷಿನ್ ಸೇರಿದಾಗ ಅನಾಹುತವಾಯಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946ಕ್ಕೆ ಇಳಿಯಿತು. 1994ರಲ್ಲೇ ಲಿಂಗಪತ್ತೆ ನಿಷೇಧ ಕಾಯ್ದೆ ಬಂದಿದೆ. ಆದರೂ 2022ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ಏಳು ಭ್ರೂಣ ಸಿಕ್ಕವು. ಲಿಂಗಪತ್ತೆಯ ಶಂಕೆಯ ಮೇಲೆ ತನಿಖೆ ನಡೆಯಿತು. ಆ ಸುದ್ದಿ ಓದುವಾಗ ನನಗೆ ನೆನಪಾಗಿದ್ದು ಆಯಿಯ ತೊಟ್ಟಿಲು.

ಹಾಗಾದರೆ ಇದು ಬದಲಾಗೋದೇ ಇಲ್ವಾ? ದಕ್ಷಿಣ ಕೊರಿಯಾ ನೋಡಿ. 1990ರ ಸುಮಾರಿಗೆ ಅಲ್ಲಿ ನೂರು ಹೆಣ್ಣು ಶಿಶುಗಳಿಗೆ 116 ಗಂಡು ಹುಟ್ಟುತ್ತಿದ್ದವು. ಹೆಣ್ಣುಮಕ್ಕಳು ಓದಿದರು, ನೌಕರಿಗೆ ಹೋದರು. ಗಂಡೇ ಮನೆಯ ಯಜಮಾನ ಎನ್ನುವ ಕುಟುಂಬ ನೋಂದಣಿ ಪದ್ಧತಿ 2008ರಲ್ಲಿ ರದ್ದಾಯಿತು. ಈಗ ಅಲ್ಲಿ ಆ ಅನುಪಾತ ಸಹಜ ಮಟ್ಟಕ್ಕೆ ಮರಳಿದೆ.

ನಮ್ಮಲ್ಲೂ ಕಾನೂನಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಡಲು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಡಿ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಕೂತ ಅಕ್ಕತಂಗಿಯರು ಕಾಣ್ತಾರೆ.

ಬೇರೆಯವರ ಮಾತ್ಯಾಕೆ? ಅಪ್ಪ ತೀರಿಕೊಂಡ ಮೇಲೆ ಅಂಥದ್ದೇ ಪತ್ರ ನಮ್ಮ ಮನೆಯಲ್ಲೂ ತಯಾರಾಯಿತು. ಪಿಯುಸಿಗೆ ಓದು ನಿಲ್ಲಿಸಿದ ಅಕ್ಕಂದಿರು, ಇಂಜಿನಿಯರಿಂಗ್ ಓದಿದ ತಮ್ಮನಿಗೆ ಹೊಲ ಬಿಟ್ಟುಕೊಡುವ ಪತ್ರ. ನಾನು ಬೇಡ ಅಂದೆ. ದೊಡ್ಡಕ್ಕ ಫೋನಿನಲ್ಲಿ ಅಂದಳು: "ಪಾಲು ತಗೊಂಡ್ರ ತವರುಮನಿ ಬಾಗಿಲಾ ಮುಚ್ಚತದೋ ತಮ್ಮಾ."

ಆ ಭಯವನ್ನು ಯಾವ ಕಾಯ್ದೆ ತೆಗೆಯುತ್ತೆ? ಬಾಗಿಲು ಇರುವುದು ತಮ್ಮನ ಕೈಯಲ್ಲಿ. ಪತ್ರ ಹರಿದು ಹಾಕಿದೆ. ಈ ದೀಪಾವಳಿಗೆ ಇಬ್ಬರನ್ನೂ ಮನೆಗೆ ಕರೆದಿದ್ದೇನೆ. ಹೊಲ ಅಳೆಯಲು ಸರ್ವೇಯರ್‌ಗೂ ಹೇಳಿದ್ದೇನೆ.