ಕೆಳದಿ ನಾಡಿನ ಬರಹಗಳು: ಮೊದಲು ಯಾವುದನ್ನು ಉಳಿಸಬೇಕು?



ಕೆಳದಿ ಅರಸರು 1499ರಿಂದ 1763ರವರೆಗೆ ಆಳಿದ ನಾಡಿನ ಹೃದಯಭಾಗವು ನಮ್ಮ ಮೂರು ತಾಲ್ಲೂಕುಗಳಲ್ಲಿಯೇ ಇದೆ. ಕೆಳದಿ, ಇಕ್ಕೇರಿಗಳು ಸಾಗರಕ್ಕೆ ಸೇರಿದವು, ಬಿದನೂರು, ಅಂದರೆ ಇಂದಿನ ನಗರ, ಹೊಸನಗರಕ್ಕೆ, ಕವಲೇದುರ್ಗ ತೀರ್ಥಹಳ್ಳಿಗೆ. ಈ ಅರಸರು ಮಠಗಳಿಗೆ ಬಿಟ್ಟ ಭೂಮಿ, ನಡೆಸಿಕೊಟ್ಟ ದಾಸೋಹ, ಶಿವಪ್ಪನಾಯಕನ ಶಿಸ್ತು ಎಂಬ ಕಂದಾಯ ವ್ಯವಸ್ಥೆ, ಇವೆಲ್ಲವೂ ಬರಹಕ್ಕಿಳಿದವು. ಹೀಗೆ ಉಳಿದುಬಂದ ಓಲೆ, ಕಡತ, ತಾಮ್ರಪಟಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು? ಹಣ, ಕಾಲ, ಕೈಗಳು ಮೂರೂ ಮಿತವಾಗಿರುವಾಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಅತ್ಯಂತ ಹಳೆಯದು ಮೊದಲು ಎಂಬುದು ಸಹಜವಾದ ಉತ್ತರ. ಆದರೆ ಅದು ಸರಿಯಲ್ಲವೆಂದೇ ನಮ್ಮ ಭಾವನೆ. ಈ ಸೀಮೆಯ ಶಿಲಾಶಾಸನಗಳ ಬಹುಭಾಗವನ್ನು ಬಿ. ಎಲ್. ರೈಸ್ ಅವರು 1904ರಲ್ಲಿಯೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’, ಲಿಂಗಣ್ಣಕವಿಯ ‘ಕೆಳದಿನೃಪವಿಜಯ’ಗಳೂ ಮುದ್ರಣ ಕಂಡಿವೆ. ಇವುಗಳ ಪ್ರತಿಗಳು ಪಾಠಭೇದಕ್ಕಾಗಿ ಬೇಕು, ನಿಜ. ಅವು ಸ್ವಲ್ಪ ಕಾದರೂ ಕೃತಿಯು ನಷ್ಟವಾಗದು.

ಕಡತದ ಸ್ಥಿತಿ ಹಾಗಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲುಪುಡಿಯನ್ನು ಲೇಪಿಸಿ, ಮಡಿಕೆ ಮಡಿಕೆಯಾಗಿ ಮಾಡಿ, ಬಳಪದಿಂದ ಬರೆದದ್ದು ಅದು. ಅಳಿಸಿ ಮತ್ತೆ ಬರೆಯಲು ಬರುವಂತಹ ಅನುಕೂಲವೇ ಇಂದು ಅದಕ್ಕೆ ಅಪಾಯ: ಬೆರಳು ಸೋಕಿದರೂ ಅಕ್ಷರ ಮಾಸುತ್ತದೆ. ಮಲೆನಾಡಿನ ಮಳೆಗಾಲದ ತೇವ ಮತ್ತು ಬೂಷ್ಟು ಉಳಿದುದನ್ನು ಮುಗಿಸುತ್ತವೆ. ಗದ್ದೆಯ ಲೆಕ್ಕ, ಮಠದ ಖರ್ಚು, ಊರಿನ ವ್ಯಾಜ್ಯ ಮುಂತಾದ ಸಂಗತಿಗಳಿಗೆ ಸಾಮಾನ್ಯವಾಗಿ ಎರಡನೆಯ ಪ್ರತಿಯೇ ಇರುವುದಿಲ್ಲ. ಆದ್ದರಿಂದ ಮನೆ, ಮಠಗಳಲ್ಲಿರುವ ಅಚ್ಚಾಗದ ಕಡತಗಳಿಗೆ ಮೊದಲ ಸ್ಥಾನ ಸಲ್ಲಬೇಕು.

ಅನಂತರ ತಿಗಳಾರಿ ಲಿಪಿಯ ಓಲೆಗಳು. ಇಲ್ಲಿ ಓಲೆಗಿಂತ ಮೊದಲು ಕಣ್ಮರೆಯಾಗುತ್ತಿರುವವರು ಅದನ್ನು ಓದಬಲ್ಲ ಹಿರಿಯರು. ಹೆಸರು, ವಿಷಯ ಗುರುತಿಸದೆ ತೆಗೆದ ಸಾವಿರ ಚಿತ್ರಗಳು ಬೀಗ ಹಾಕಿದ ಪೆಟ್ಟಿಗೆಯಂತೆಯೇ ಸರಿ. ಹಿರಿಯರು ಇರುವಾಗಲೇ ಪಕ್ಕದಲ್ಲಿ ಕುಳಿತು ಸೂಚಿಯನ್ನು ಸಿದ್ಧಪಡಿಸಬೇಕು. ತಾಮ್ರಪಟಗಳು ಗಟ್ಟಿಯಾದವು, ಹಾಳೆಗಳೂ ಕೆಲವೇ. ಹೋದ ಕಡೆಯಲ್ಲಿಯೇ ಚಿತ್ರ ತೆಗೆದು ಮುಗಿಸಬಹುದು.

ಮೂಲವನ್ನು ಒಯ್ಯುತ್ತಾರೆಂಬ ಅಳುಕು ಅನೇಕ ಮನೆಗಳಲ್ಲಿದೆ. ಅದು ಅಕಾರಣವೇನಲ್ಲ. ಪೂಜೆಯ ಪೆಟ್ಟಿಗೆ ಅಲ್ಲಿಯೇ ಇರಲಿ, ಕ್ಯಾಮೆರಾ ಮನೆಗೆ ಬರಲಿ. ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಕೆಳದಿ ವಸ್ತುಸಂಗ್ರಹಾಲಯವು ಈಗ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅಂತಹ ಪ್ರತಿಗಳನ್ನು ಕಾಪಿಡಲು ಸಮೀಪದ ನೆಲೆ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗಳನ್ನು ಕೂಡಿಸದಿದ್ದರೆ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬರುತ್ತಿರಲಿಲ್ಲ. ಅಟ್ಟದ ಮೇಲೆ ಕಪ್ಪು ಬಟ್ಟೆಯ ಮಡಿಕೆಗಳಿದ್ದರೆ ಒರೆಸಬೇಡಿ, ಬಿಸಿಲಿಗೆ ಹಾಕಬೇಡಿ. ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಟ್ಟು, ಮಳೆಗಾಲಕ್ಕೆ ಮೊದಲು ಬಲ್ಲವರಿಗೆ ತೋರಿಸಿ.